ತಪಾಸಣೆಗೆ ಹೋಗುವ ಟ್ರಾಕ್ಟರಿಗೂ ದಾರಿ ಬೇಕು

ಕಡಲೆಕಾಯಿ ಕೆಲಸ ಮುಗಿಯಲಿ, ಆಮೇಲೆ ನೋಡೋಣವೆಂದು ಟ್ರಾಕ್ಟರಿನ ನೋಂದಣಿ ನವೀಕರಣವನ್ನು ಮುಂದಕ್ಕೆ ಹಾಕುವ ರೈತರು ನಮ್ಮ ಕಡೆ ಅನೇಕರಿದ್ದಾರೆ. ಪಾವಗಡದ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ತಮ್ಮನೂ ಅವರಲ್ಲೊಬ್ಬ. ಅವಧಿ ಮುಗಿದು ಎರಡು ತಿಂಗಳಾದ ಮೇಲೆ ಎಚ್ಚೆತ್ತು, “ತಪಾಸಣೆಗೇ ತಾನೆ ಓಡಿಸ್ಕೊಂಡು ಹೋಗೋದು, ಯಾರು ಕೇಳ್ತಾರಣ್ಣ?” ಎಂದ.

ಈ ಮಾತು ಇಂಗ್ಲೆಂಡಿನಲ್ಲಾದರೆ ಸರಿ. ಅಲ್ಲಿ ಮೊದಲೇ ದಿನ ಗೊತ್ತುಮಾಡಿಕೊಂಡಿದ್ದರೆ, ತಪಾಸಣಾ ಪತ್ರವಾಗಲಿ ತೆರಿಗೆಯಾಗಲಿ ಇಲ್ಲದ ಕಾರನ್ನೂ ತಪಾಸಣೆಯ ಸ್ಥಳಕ್ಕೆ ನಡೆಸಿಕೊಂಡು ಹೋಗಲು ಕಾನೂನೇ ಒಪ್ಪುತ್ತದೆ. ವಿಮೆ ಮಾತ್ರ ಇರಲೇಬೇಕು. ನಮ್ಮಲ್ಲಿ ಹಾಗಿಲ್ಲ.

ನಮ್ಮ ಮೋಟಾರು ವಾಹನ ನಿಯಮಗಳಂತೆ ಕೃಷಿ ಟ್ರಾಕ್ಟರು ಸಾರಿಗೆಯೇತರ ವಾಹನ. ಕಾರು, ಜೀಪುಗಳಂತೆ ಅದರ ನೋಂದಣಿಗೂ ೧೫ ವರ್ಷದ ಆಯುಸ್ಸು. ಅನಂತರ ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಿ, ಪಾಸಾದರೆ ೫ ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. (ಹತ್ತು ವರ್ಷದ ಟ್ರಾಕ್ಟರುಗಳನ್ನೆಲ್ಲ ಗುಜರಿಗೆ ಹಾಕಿಸುತ್ತಾರೆಂಬುದು ಗಾಳಿಸುದ್ದಿ, ಕೇಂದ್ರ ಸಾರಿಗೆ ಸಚಿವಾಲಯವೇ ಅದನ್ನು ಅಲ್ಲಗಳೆದಿದೆ.) ಅವಧಿ ಮುಗಿದ ಮೇಲೆ ರಸ್ತೆಗಿಳಿಸಿದರೆ, ೧೯೮೮ರ ಕಾಯಿದೆಯ ೧೯೨ನೆಯ ಕಲಮಿನಂತೆ ಮೊದಲ ಸಲಕ್ಕೆ ೨,೦೦೦ದಿಂದ ೫,೦೦೦ ರೂಪಾಯಿವರೆಗೆ ದಂಡ. ರೋಗಿಯನ್ನು ತುರ್ತಾಗಿ ಸಾಗಿಸಲು ಆ ಕಲಮಿನಲ್ಲಿ ವಿನಾಯಿತಿಯುಂಟು. ತಪಾಸಣೆಗೆ ಹೋಗಲು ಇಲ್ಲ.

ದಂಡವನ್ನಾದರೂ ಕಟ್ಟಿಬಿಡಬಹುದು, ಅಪಘಾತವಾದರೆ ಏನು ಗತಿ? ತಾತ್ಕಾಲಿಕ ನೋಂದಣಿ ಮುಗಿದಿದ್ದ ವಾಹನವೊಂದು ಅಪಘಾತದಲ್ಲಿ ಜಖಂಗೊಂಡ ಮೊಕದ್ದಮೆಯಲ್ಲಿ ೨೦೧೪ರಲ್ಲಿ ಸುಪ್ರೀಂ ಕೋರ್ಟು, ವಿಮೆ ಚಾಲ್ತಿಯಲ್ಲಿದ್ದರೂ ನೋಂದಣಿಯಿಲ್ಲದೆ ರಸ್ತೆಗಿಳಿಸಿದ್ದು ಕರಾರಿನ ಮೂಲಕ್ಕೇ ಭಂಗವೆಂದು ಪರಿಹಾರವನ್ನು ನಿರಾಕರಿಸಿತು.

ಕಾನೂನು ಇದ್ದಂತೆ ನಡೆಯಬೇಕು, ನಿಜ. ಆದರೆ ಈ ಕಾನೂನಿನಲ್ಲಿ ಒಂದು ಕೊರತೆಯಿದೆಯೆಂದೇ ನನ್ನ ಅಭಿಪ್ರಾಯ. ಹೊಸ ವಾಹನ ನೋಂದಣಿಗೆ ಹೋಗಲೆಂದು ತಾತ್ಕಾಲಿಕ ನೋಂದಣಿ ಕೊಡುತ್ತಾರೆ. ಲಾರಿ ರಿಪೇರಿಗೆಂದು ಖಾಲಿ ಹೋಗುವಾಗ ಪರ್ಮಿಟ್ಟು ಬೇಡವೆನ್ನುತ್ತಾರೆ. ಹಳೆಯ ಟ್ರಾಕ್ಟರನ್ನು ಮಾತ್ರ ‘ಕಚೇರಿಗೆ ತಂದು ತೋರಿಸು’ ಎಂದೂ ‘ರಸ್ತೆಗೆ ತರಬೇಡ’ ಎಂದೂ ಒಂದೇ ಉಸಿರಿಗೆ ಹೇಳಿದರೆ ರೈತ ಏನು ಮಾಡಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಮಧುಗಿರಿಯ ಆರ್.ಟಿ.ಓ. ಕಚೇರಿಯೇ (ಕೆ.ಎ. ೬೪) ಗತಿ. ಕೊರಟಗೆರೆಯವರಿಗೆ ಅದು ಹತ್ತಿರ. ಪಾವಗಡದಿಂದ ಐವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಟ್ರಾಕ್ಟರಿಗೆ ಎರಡು ಗಂಟೆಗೂ ಮಿಕ್ಕಿದ ದಾರಿ. ಸಾಲದ್ದಕ್ಕೆ ಪಾವಗಡವನ್ನು ಮೂರು ಕಡೆಯಿಂದ ಆಂಧ್ರ ಸುತ್ತುವರಿದಿದೆ. ಮಧುಗಿರಿಯ ನೇರ ದಾರಿ ಆ ರಾಜ್ಯದ ನೆಲವನ್ನು ಹಾದು ಬರುತ್ತದೆ. ನಮ್ಮ ಕಚೇರಿಯ ಚೀಟಿಯನ್ನು ಅಲ್ಲಿನ ಪೊಲೀಸರು ಏಕೆ ಒಪ್ಪಬೇಕು? ಆದ್ದರಿಂದ ಕೇಂದ್ರದ ನಿಯಮದಲ್ಲೇ ತಿದ್ದುಪಡಿಯಾಗಬೇಕು: ಶುಲ್ಕ ಕಟ್ಟಿ ದಿನ ಗೊತ್ತುಮಾಡಿಕೊಂಡ, ವಿಮೆಯಿರುವ ವಾಹನ ಅದೊಂದು ದಿನ ಖಾಲಿಯಾಗಿ, ಟ್ರೇಲರಿಲ್ಲದೆ, ನೇರ ದಾರಿಯಲ್ಲಿ ಹೋಗಿಬರಬಹುದೆಂದು. ಅದು ದೆಹಲಿಯ ಕೆಲಸ, ತಡವಾದೀತು. ತಿಂಗಳಲ್ಲೊಂದು ಗೊತ್ತಾದ ದಿನ ಇನ್ಸ್‌ಪೆಕ್ಟರರೇ ಪಾವಗಡಕ್ಕೂ ಶಿರಾಕ್ಕೂ ಬಂದು ಟ್ರಾಕ್ಟರುಗಳನ್ನು ನೋಡುವ ಏರ್ಪಾಡಿಗೆ ದೆಹಲಿಯನ್ನು ಕಾಯಬೇಕಾಗಿಲ್ಲ.

ಅಲ್ಲಿಯವರೆಗೆ ರೈತಬಾಂಧವರು ನೋಂದಣಿ ಪತ್ರ ತೆಗೆದು ತಾರೀಖು ನೋಡಿಕೊಳ್ಳಬೇಕು. ಅವಧಿ ಮುಗಿಯುವ ೬೦ ದಿನ ಮೊದಲಿನಿಂದಲೇ ನಮೂನೆ ೨೫ರಲ್ಲಿ ಅರ್ಜಿ ಹಾಕಬಹುದು. ಆಗ ಟ್ರಾಕ್ಟರು ಯಾರ ಭಯವೂ ಇಲ್ಲದೆ ತಾನಾಗಿ ನಡೆದುಹೋಗುತ್ತದೆ. ತೆರಿಗೆ ಬಾಕಿಯಿದ್ದರೆ ಮೊದಲೇ ತೀರಿಸಿ. ಟ್ರೇಲರಿನ ನೋಂದಣಿ ಬೇರೆಯೆಂಬುದು ನೆನಪಿರಲಿ. ದಿನ ಮೀರಿದ್ದರೆ ಬೇರೆ ವಾಹನದ ಮೇಲೆ ಹೇರಿಕೊಂಡು ಹೋಗುವುದೇ ಸರಿ.

ನನ್ನ ತಮ್ಮ ಹಾಗೆಯೇ ಮಾಡಿದ. ಲಾರಿಯ ಬಾಡಿಗೆಗಿಂತ ಅವನಿಗೆ ಹೆಚ್ಚು ಬೇಸರ ತಂದದ್ದು, ಟ್ರಾಕ್ಟರನ್ನು ಅದಕ್ಕೆ ಹತ್ತಿಸಲು ತಕ್ಕ ದಿಬ್ಬ ಹುಡುಕುವುದರಲ್ಲಿ ಕಳೆದ ಅರ್ಧ ದಿನ.