ವೀಸಾ ಸ್ಲಾಟಿಗೂ ಮೊದಲು ನಾಯಿಯ ಚಿಪ್

ಏಳನೇ ಸೆಮಿಸ್ಟರ್ ಬಂತೆಂದರೆ ನಮ್ಮಲ್ಲಿ ಅರ್ಧ ಜನರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇರುತ್ತೆ. ಜಿಆರ್‌ಇ, ಐಇಎಲ್‌ಟಿಎಸ್, ಎಸ್‌ಒಪಿ, ಲೋನ್, ವೀಸಾ ಸ್ಲಾಟ್, ಎಲ್ಲಕ್ಕೂ ಅದರಲ್ಲಿ ಜಾಗ. ರೂಮಿನಲ್ಲಿ ಎರಡು ವರ್ಷದಿಂದ ಸಾಕಿದ ನಾಯಿಗೆ ಮಾತ್ರ ಒಂದು ಸಾಲೂ ಇಲ್ಲ. ವೀಸಾ ಕೈಗೆ ಬಂದ ವಾರ ವಾಟ್ಸಾಪ್ ಗ್ರೂಪಿಗೆ ಫೋಟೋ ಬೀಳುತ್ತೆ: "ಅರ್ಜೆಂಟ್ ಅಡಾಪ್ಷನ್, ತುಂಬಾ ಫ್ರೆಂಡ್ಲಿ." '777 ಚಾರ್ಲಿ' ನೋಡಿ ಕಣ್ಣೊರೆಸಿಕೊಂಡವರೇ ನಾವೆಲ್ಲ. ಪ್ರೀತಿ ಕಡಿಮೆಯಾಯ್ತು ಅಂತಲ್ಲ, ಲೆಕ್ಕ ಯಾರೂ ಹಾಕಿರಲ್ಲ.

ಲೆಕ್ಕ ಹಾಕೋಣ. ಜರ್ಮನಿಯನ್ನೇ ತಗೊಳ್ಳಿ. ರೇಬೀಸ್ ವಿಚಾರದಲ್ಲಿ ಯುರೋಪಿಯನ್ ಒಕ್ಕೂಟದ ವಿನಾಯಿತಿ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಕ್ಕೆ ರಕ್ತದ ಮಾದರಿ. ಒಕ್ಕೂಟ ಒಪ್ಪಿದ ಲ್ಯಾಬಿನಲ್ಲಿ ಮಿಲಿಲೀಟರಿಗೆ ಕನಿಷ್ಠ 0.5 ಐಯು ಪ್ರತಿಕಾಯ ಕಾಣಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಅಂದರೆ ಅಕ್ಟೋಬರ್ 1ಕ್ಕೆ ಅಲ್ಲಿ ಇಳಿಯಬೇಕಾದರೆ ಮೇ ಮುಗಿಯುವುದರೊಳಗೆ ಲಸಿಕೆ ಆಗಿರಬೇಕು. ಎಷ್ಟೋ ಸಲ ನಮ್ಮ ಅಡ್ಮಿಟ್ ಲೆಟರೇ ಅಷ್ಟರಲ್ಲಿ ಬಂದಿರಲ್ಲ!

ಚಿಪ್ ಅಂದರೆ ಜಿಪಿಎಸ್ ಅಲ್ಲ, ಬ್ಯಾಟರಿಯೂ ಇಲ್ಲ. ಇಸಿಯವರಿಗೆ ಒಂದೇ ಮಾತಲ್ಲಿ ಹೇಳಬಹುದು: 134.2 ಕಿಲೋಹರ್ಟ್ಸಿನ ಆರ್‌ಎಫ್‌ಐಡಿ, ಒಳಗೆ 15 ಅಂಕಿಯ ನಂಬರು. ಎಡವಟ್ಟಾಗುವುದು ಕ್ರಮದಲ್ಲಿ. ಚಿಪ್ಪಿಗೂ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೇ ಬರಲ್ಲ, ಮತ್ತೆ ಮೊದಲಿಂದ. ಇನ್ನೊಂದು ಕಡೆ ಒಳ್ಳೇ ಸುದ್ದಿ ಇದೆ: ಪರೀಕ್ಷೆ ಒಮ್ಮೆ ಪಾಸಾದರೆ, ಬೂಸ್ಟರ್ ತಪ್ಪದವರೆಗೆ ಅದೇ ರಿಪೋರ್ಟ್ ನಡೆಯುತ್ತೆ. ಆದ್ದರಿಂದ ಐದನೇ ಸೆಮಿಸ್ಟರಿನಲ್ಲೇ ಮುಗಿಸಿಡಿ ಅಂತೀವಿ.

ಅಮೆರಿಕ ಮೊದಲು ಸಲೀಸು ಅನ್ನುವವರಿದ್ದರು. 2024ರ ಆಗಸ್ಟ್ 1ರಿಂದ ಅಲ್ಲೂ ಬಿಗಿ: ಆರು ತಿಂಗಳು ತುಂಬಿರಬೇಕು, ಚಿಪ್ ಬೇಕು, ನಮ್ಮಂಥ ದೇಶದ ನಾಯಿಗೆ ಬೇರೆಯೇ ಫಾರಂಗಳು. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಒಯ್ಯುವಂತೆಯೇ ಇಲ್ಲ. 2022ರಲ್ಲಿ ಉಕ್ರೇನಿನಿಂದ ನಮ್ಮ ವಿದ್ಯಾರ್ಥಿಗಳು ನಾಯಿ, ಬೆಕ್ಕು ಎತ್ತಿಕೊಂಡು ಬಂದಾಗ ನಮ್ಮ ಸರ್ಕಾರ ಒಂದು ಸಲಕ್ಕೆ ಅಂತ ನಿಯಮ ಸಡಿಲಿಸಿತ್ತು. ಅದು ಯುದ್ಧದ ಮಾತು. ನಮ್ಮ ಫಾಲ್ ಇಂಟೇಕಿಗೆ ಯಾರೂ ಸಡಿಲಿಸಲ್ಲ.

"ನಾನು ಹೋಗಿ ಸೆಟಲ್ ಆಗ್ತೀನಿ, ಆಮೇಲೆ ಅಪ್ಪ ಕಳಿಸ್ತಾರೆ" ಅನ್ನೋ ಪ್ಲಾನ್ ಕೇಳಿ ಕೇಳಿ ಸಾಕಾಗಿದೆ. ಯುರೋಪಿನ ನಿಯಮದಲ್ಲಿ ಮಾಲೀಕನ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಮೀರಿದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಬೀಳುತ್ತೆ. ಹಾಗಂತ ಮೊದಲ ಸಲವೇ ಜೊತೆಗೆ ಕರೆದೊಯ್ಯಿರಿ ಅಂತಲೂ ನಾವು ಹೇಳಲ್ಲ. ಅಲ್ಲಿನ ಬಹುತೇಕ ವಿದ್ಯಾರ್ಥಿ ಹಾಸ್ಟೆಲುಗಳು ನಾಯಿಯನ್ನು ಸೇರಿಸಲ್ಲ, ಬರ್ಲಿನ್‌ನಲ್ಲಿ ನಾಯಿ ಸಾಕಲು ವರ್ಷಕ್ಕೆ 120 ಯೂರೋ ತೆರಿಗೆ ಬೇರೆ. ಒಬ್ಬರೇ ಹೋಗಿ, ಮನೆ ಹುಡುಕಿ, ರಜೆಗೆ ಬಂದಾಗ ನೀವೇ ಕರೆದೊಯ್ಯಿರಿ. ಅದೇ ಸರಿ ಅನ್ಸುತ್ತೆ ನಮಗೆ. ಅಲ್ಲಿಯವರೆಗೆ ಊರಲ್ಲಿ ಯಾರು ನೋಡ್ಕೋತಾರೆ, ಬೂಸ್ಟರ್ ಯಾರು ಹಾಕಿಸ್ತಾರೆ ಅನ್ನೋದು ಹೊರಡುವ ಮುಂಚೆಯೇ ಗೊತ್ತಿರಬೇಕು.

ಕಾಗದಕ್ಕಿಂತ ಕಷ್ಟದ್ದು ಪೆಟ್ಟಿಗೆ. ಬೀದಿಯಲ್ಲಿ ಬೆಳೆದ ಪ್ರಾಣಿಯನ್ನು ಹೊರಡುವ ದಿನ ಕ್ರೇಟಿಗೆ ನೂಕಿದರೆ ಏನಾಗುತ್ತೆ ಊಹಿಸಿ. ನಿದ್ದೆ ಮಾತ್ರೆ ಕೊಟ್ಟರಾಯ್ತು ಅನ್ನೋ ಸಲಹೆಯನ್ನಂತೂ ಕೇಳಬೇಡಿ, ಹಾರಾಟದಲ್ಲಿ ಉಸಿರಿಗೂ ಹೃದಯಕ್ಕೂ ಅದು ಅಪಾಯ. ತಿಂಗಳುಗಟ್ಟಲೆ ಮೊದಲೇ ಕ್ರೇಟ್ ತಂದು, ಬಾಗಿಲು ತೆಗೆದಿಟ್ಟು, ಊಟ ಅದರೊಳಗೇ ಹಾಕಿ. ಪಗ್ (ಅದೇ, ಹಚ್ ನಾಯಿ) ಇದ್ದರೆ ಮೊದಲು ಏರ್‌ಲೈನ್ ಕೇಳಿ. ಚಪ್ಪಟೆ ಮೂತಿಯವಕ್ಕೆ ಉಸಿರಾಟದ ತೊಂದರೆ ಅಂತ ಎಷ್ಟೋ ಕಂಪನಿಗಳು ಕಾರ್ಗೋಗೆ ಸೇರಿಸಲ್ಲ. ಈ ಒಂದು ವಿಷಯದಲ್ಲಿ ನಮ್ಮ ಬೀದಿನಾಯಿಯೇ ಲಕ್ಕಿ.

ಇಷ್ಟೆಲ್ಲ ನನ್ನಿಂದಾಗಲ್ಲ ಅನ್ನಿಸಿದರೆ ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಬೇರೆ ಮನೆ ಹುಡುಕುವ ಕೆಲಸವನ್ನು ಈಗಲೇ ಶುರುಮಾಡಿ. ನಾಲ್ಕೈದು ಭಾನುವಾರ ನೀವೂ ಜೊತೆಗೆ ಹೋಗಿ ಆ ಮನೆಯಲ್ಲಿ ಕೂತು ಬರುವಷ್ಟು ಸಮಯ ಅದಕ್ಕೆ ಬೇಕು.