ಗಿಟಾರ್ ವಾದಕನೂ ಸಂಗೀತಶಾಸ್ತ್ರವೂ

ಶಾಸ್ತ್ರಜ್ಞಾನವು ಕಲೆಯ ಸಹಜತೆಯನ್ನು ಕೆಡಿಸುತ್ತದೆ ಎಂಬ ಮಾತು ಗಿಟಾರ್ ಕಲಿಯುವವರಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಆ ವಾದ್ಯದ ರಚನೆಯೂ ಒಂದು ಕಾರಣ. ಪಿಯಾನೋದ ಕಪ್ಪು-ಬಿಳಿ ಮನೆಗಳು ಸ್ವರಗಳ ನೆಲೆಯನ್ನು ಕಣ್ಣಿಗೇ ತೋರಿಸುತ್ತವೆ; ಗಿಟಾರಿನ ಮೆಟ್ಟುಗಳಾದರೋ ನೋಟಕ್ಕೆ ಎಲ್ಲವೂ ಒಂದೇ ಬಗೆ. ಆರು ತಂತಿಗಳನ್ನೂ ಒತ್ತಿ ಹಿಡಿದ ಬೆರಳುಗಳ ವಿನ್ಯಾಸವನ್ನು ಹಾಗೆಯೇ ಎರಡು ಮೆಟ್ಟು ಸರಿಸಿದರೆ ಸಾಕು, ಶ್ರುತಿ ಬದಲಾಗುತ್ತದೆ. ಸ್ವರಗಳ ಹೆಸರನ್ನೇ ಅರಿಯದವನೂ ಹಾಡನ್ನು ನುಡಿಸಬಲ್ಲನು. ಹೀಗೆ ಕೈ ಮುಂದೆ ಸಾಗುತ್ತದೆ, ತಿಳಿವು ಹಿಂದೆ ಉಳಿಯುತ್ತದೆ.

ಶಾಸ್ತ್ರ ಬೇಡವೆನ್ನುವವರು ಜಾಂಗೋ ರೈನ್‌ಹಾರ್ಟ್‌ನ ನಿದರ್ಶನವನ್ನು ಮುಂದಿಡುತ್ತಾರೆ. 1910ರಲ್ಲಿ ಬೆಲ್ಜಿಯಂನ ರೋಮಾನಿ ಕುಟುಂಬವೊಂದರಲ್ಲಿ ಹುಟ್ಟಿದ ಈತನ ಎಡಗೈಯ ಎರಡು ಬೆರಳುಗಳು 1928ರ ಬೆಂಕಿ ಅನಾಹುತದಲ್ಲಿ ಊನಗೊಂಡವು. ಆದರೂ 1934ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಪೆಲಿಯೊಡನೆ ತಂತಿವಾದ್ಯಗಳ ಜಾಜ್ ತಂಡವನ್ನು ಕಟ್ಟಿ ಅವನು ಜಗದ್ವಿಖ್ಯಾತನಾದನು. ಅವನಿಗೆ ಸ್ವರಲಿಪಿಯನ್ನು ಓದಲು ಬರುತ್ತಿರಲಿಲ್ಲವೆಂಬುದು ನಿಜ. ಆದರೆ ಲಿಪಿ ಬೇರೆ, ಶಾಸ್ತ್ರ ಬೇರೆ. ಯಾವ ಸ್ವರದಿಂದ ಯಾವ ಸ್ವರಕ್ಕೆ ನಡೆಯಬೇಕೆಂಬುದನ್ನು ಅವನ ಕಿವಿ ಬಲ್ಲದಾಗಿತ್ತು. ತನ್ನ ಮನಸ್ಸಿನಲ್ಲಿ ಮೂಡಿದ ದೊಡ್ಡ ಕೃತಿಗಳನ್ನು ಬರೆದಿಡಲು ಮಾತ್ರ ಅವನು ಇತರರನ್ನು ನೆಚ್ಚಬೇಕಾಯಿತು. ಇಂಥ ಕಿವಿ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಪಡೆಯಲು ಶಾಸ್ತ್ರವೇ ನೆರವಾಗುತ್ತದೆ.

ಆ ನೆರವು ಎಂಥದು? ಷಡ್ಜ, ಅಂತರ ಗಾಂಧಾರ, ಪಂಚಮಗಳನ್ನು ಒಟ್ಟಿಗೆ ಮೀಟಿದರೆ ಪಾಶ್ಚಾತ್ಯರು ಮೇಜರ್ ಕಾರ್ಡ್ ಎನ್ನುವ ಸ್ವರಗುಚ್ಛವಾಗುತ್ತದೆ. ನಡುವಿನ ಗಾಂಧಾರವನ್ನು ಒಂದೇ ಮೆಟ್ಟು ಇಳಿಸಿದರೆ ಅದು ಮೈನರ್ ಆಗುತ್ತದೆ. ಬಿಸಿಲಿಗೆ ಮೋಡ ಕವಿದಂತೆ ಭಾವವೇ ಬೇರೆಯಾಗುತ್ತದೆ. ಇದನ್ನು ಅರಿತವನು ನೂರು ವಿನ್ಯಾಸಗಳನ್ನು ಕಂಠಪಾಠ ಮಾಡಬೇಕಿಲ್ಲ. ಬೇಕಾದುದನ್ನು ತಾನೇ ಕಟ್ಟಿಕೊಳ್ಳಬಲ್ಲನು. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅಕ್ಕಪಕ್ಕದ ತಂತಿಗಳ ನಡುವೆ ಐದು ಮೆಟ್ಟುಗಳ ಅಂತರವಿದ್ದರೆ, ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ನಾಲ್ಕೇ ಇರುತ್ತದೆ. ಕೆಳಸ್ಥಾಯಿಯ ತಂತಿಗಳ ಮೇಲೆ ಕಲಿತ ವಿನ್ಯಾಸವು ಇಲ್ಲಿ ಅಪಸ್ವರವಾಗುತ್ತದೆ. ಕಾರಣ ತಿಳಿಯದವನು ಕಂಗೆಡುತ್ತಾನೆ. ತಿಳಿದವನು ಬೆರಳನ್ನು ಒಂದು ಮೆಟ್ಟು ಸರಿಸಿ ಮುಂದುವರಿಯುತ್ತಾನೆ.

ಹಾಗೆಂದು ಕೇವಲ ನಿಯಮಗಳನ್ನು ಉರುಹೊಡೆಯುವುದೂ ಸಲ್ಲದು. ಮಗು ಮೊದಲು ಮಾತನಾಡುತ್ತದೆ, ಅನಂತರ ವ್ಯಾಕರಣವನ್ನು ಕಲಿಯುತ್ತದೆ. ಸಂಗೀತದಲ್ಲಿಯೂ ಕ್ರಮ ಅದೇ. ಒಂದು ನಿಯಮವನ್ನು ಓದಿದ ದಿನವೇ ಅದನ್ನು ತಂತಿಯ ಮೇಲೆ ನುಡಿಸಿ, ಕಿವಿಯಿಂದ ಕೇಳಿ, ಬಾಯಿಂದ ಹಾಡಿ ಮನದಟ್ಟು ಮಾಡಿಕೊಳ್ಳಬೇಕು. ಹಾಗೆ ಕಲಿತ ಶಾಸ್ತ್ರವು ಕಲಾವಿದನಿಗೆ ಸಂಕೋಲೆಯಾಗುವುದಿಲ್ಲ. ಪರರು ನುಡಿಸಿದ್ದನ್ನು ಅನುಕರಿಸುವ ಸ್ಥಿತಿಯಿಂದ ತನ್ನದೇ ಆದುದನ್ನು ನುಡಿಸುವ ಸ್ಥಿತಿಗೆ ಅದು ಅವನನ್ನು ಕೊಂಡೊಯ್ಯುತ್ತದೆ.