ಮೀಸಲು ವಿಮಾನ

ಪುಣೆಯಲ್ಲಿ ವಿಶ್ರಾಂತವಾಡಿ, ವಿಮಾನನಗರಗಳ ಕಡೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಲೋಹೆಗಾವಿನ ಸುಖೋಯ್ ವಿಮಾನಗಳ ಗುಡುಗು ಹೊಸತಲ್ಲ. ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುವುದು ಅಲ್ಲಿಯ ಸಂಸಾರಗಳಿಗೆ ರೂಢಿಯಾಗಿಹೋಗಿದೆ. ಮೊನ್ನೆಯ ಕೂಟದಲ್ಲಿ ಹಿರಿಯ ಗೃಹಿಣಿಯೊಬ್ಬರು, "ಯುದ್ಧವಿಲ್ಲದ ದಿನವೂ ಇವರು ಹೀಗೆ ಹಾರಾಡುವುದೇಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಹೊರಟಾಗ ನಮಗೆ ತಿಳಿದದ್ದು ಎಷ್ಟು ಕಡಮೆ ಎಂಬುದು ಬೆಳಕಿಗೆ ಬಂತು. ಆದಕಾರಣ ಈ ಸಲದ ಮಾತು ಅದರ ಮೇಲೆಯೇ.

ನಮ್ಮ ವಾಯುಪಡೆಯಲ್ಲಿ ಕಮಾಂಡಿನ ಕೆಳಗೆ ವಿಂಗ್, ವಿಂಗಿನ ಕೆಳಗೆ ಸ್ಕ್ವಾಡ್ರನ್. ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್ನಿನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ. ಲೋಹೆಗಾವಿನಲ್ಲಿರುವುದು 2ನೆಯ ವಿಂಗ್, ಸುಖೋಯ್-30 ಎಂ.ಕೆ.ಐ. ವಿಮಾನ 2002ರಲ್ಲಿ ಮೊದಲು ಸೇವೆಗೆ ಸೇರಿದ್ದು ಇಲ್ಲಿಯೇ. (ವಿಂಗ್ ಕಮಾಂಡರ್ ಎಂದರೆ ವಿಂಗಿನ ಯಜಮಾನರೆಂದು ತಿಳಿಯುವವರುಂಟು, ನಾವೂ ಹಾಗೆಯೇ ತಿಳಿದಿದ್ದೆವು. ಆ ಹೊಣೆ ಅವರಿಗಿಂತ ಮೇಲಿನ ಗ್ರೂಪ್ ಕ್ಯಾಪ್ಟನ್ ಅಥವಾ ಏರ್ ಕಮೊಡೋರರದು.) ಸ್ಕ್ವಾಡ್ರನ್ನು ಇಂದು ಇಲ್ಲಿ, ನಾಳೆ ಇನ್ನೊಂದು ಊರಿನಲ್ಲಿ, ವಿಂಗ್ ಮಾತ್ರ ನೆಲ ಹಿಡಿದು ಕುಳಿತದ್ದು.

ಯಕ್ಷಗಾನದಲ್ಲಿ ರಂಗಸ್ಥಳದ ವೇಷವನ್ನು ಕಂಡವರಿಗೆ ಚೌಕಿ ಕಾಣದು. ವಿಂಗ್ ಎಂಬುದು ಈ ಚೌಕಿ. ಎಂಜಿನು ನೋಡುವವರು ಒಬ್ಬರು, ವಿದ್ಯುತ್ತಿನ ತಂತಿ ನೋಡುವವರು ಇನ್ನೊಬ್ಬರು, ಬಾಂಬು ಕ್ಷಿಪಣಿಗಳನ್ನು ತೊಡಿಸುವವರು ಮತ್ತೊಬ್ಬರು. ಇವರೆಲ್ಲ ತಮ್ಮ ತಮ್ಮ ಕೆಲಸ ಮುಗಿಸಿ 'ಫಾರ್ಮ್ 700' ಎಂಬ ದಾಖಲೆಯಲ್ಲಿ ಸಹಿ ಹಾಕಬೇಕು. ಪೈಲಟು ಅದನ್ನು ಓದಿ, ತಾನೂ ಸಹಿ ಮಾಡಿದ ಮೇಲೆಯೇ ವಿಮಾನ ಅವನದು. ಇಂತಹ ಏರ್‌ಮನ್‌ಗಳ ಮೊದಲ ಶಿಕ್ಷಣ ನಡೆಯುವುದು ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ. ಹವಾಮಾನ ಹೇಳುವವರು, ಬೆಂಕಿ ಆರಿಸುವವರು, ರನ್‌ವೇಯ ಮೇಲೆ ಬಿದ್ದ ಕಲ್ಲುಚೂರು ಮೊಳೆಗಳನ್ನು ಹೆಕ್ಕುವವರು, ಹಕ್ಕಿ ಓಡಿಸುವವರು, ಎಲ್ಲರೂ ಅಲ್ಲಿ ಬೇಕು. ಒಂದು ಹದ್ದು ಎಂಜಿನಿನೊಳಗೆ ಹೊಕ್ಕರೆ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಉಳಿಯಲಾರದು. ಲೋಹೆಗಾವಿನ ಸುತ್ತಮುತ್ತ ಬಯಲಿಗೆ ಕಸ ಸುರಿಯುವವರಲ್ಲಿ ನಮ್ಮವರಾರೂ ಇಲ್ಲದಿದ್ದರೆ ಸಂತೋಷ; ಅದೇ ರನ್‌ವೇಯಿಂದ ನಾವೂ ಪ್ರಯಾಣ ಮಾಡುತ್ತೇವಷ್ಟೆ.

ಇನ್ನು ಗೃಹಿಣಿಯವರ ಪ್ರಶ್ನೆ. ಕರೆ ಬಂದ ಕೆಲವೇ ನಿಮಿಷಗಳಲ್ಲಿ ವಿಮಾನ ಮೇಲೇರಬೇಕಾದರೆ ಪೈಲಟಿನ ಕೈಯೂ ಮೆಕ್ಯಾನಿಕ್ಕನ ಕೈಯೂ ಪಳಗಿರಬೇಕು. ಅದಕ್ಕಾಗಿ ದಿನದಿನದ ಈ ಹಾರಾಟ. ನೆಲದ ಮೇಲೆ ನಿಂತ ವಿಮಾನದಷ್ಟು ನಿಸ್ಸಹಾಯಕವಾದ ವಸ್ತು ಬೇರೊಂದಿಲ್ಲ. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ಮೇಲೆರಗಿ, ನಿಂತಿದ್ದ ನಮ್ಮ ಹತ್ತರಷ್ಟು ವಿಮಾನಗಳನ್ನು ನಾಶ ಮಾಡಿದವು. ಆ ಯುದ್ಧದ ತರುವಾಯವೇ ನೆಲೆನೆಲೆಯಲ್ಲಿಯೂ ವಿಮಾನಗಳಿಗೆ ಕಾಂಕ್ರೀಟಿನ ಗೂಡುಗಳನ್ನು ಕಟ್ಟಿದ್ದು.

ಮಾರನೆಯ ಬೆಳಗ್ಗೆ, ಇನ್ನೂ ಕತ್ತಲಿರುವಾಗಲೇ, ಜಾಲಂಧರದ ಬಳಿಯ ಆದಂಪುರ ನೆಲೆಯಿಂದ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಸರಗೋಧಾದ ಕಡೆ ಹೊರಟವು. ಗೊತ್ತುಮಾಡಿದ್ದು ಹನ್ನೆರಡು. ಯಾವುದಾದರೂ ಕೆಟ್ಟು ನಿಂತರೆ ಇರಲೆಂದು ನೆಲದವರು ಮೀಸಲು ವಿಮಾನವನ್ನೂ ಸಿದ್ಧಗೊಳಿಸಿದ್ದರು. ಅದರಲ್ಲಿ ಕುಳಿತು ಕಾಯುತ್ತಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹೋಗದೆಯೇ ಇಳಿದು ಬರಬಹುದಾಗಿದ್ದ ಸರದಿ ಅವರದು. ಹೊರಟವರಲ್ಲಿ ಒಬ್ಬರು ಹಿಂದುಳಿಯಬೇಕಾಗಿ ಬಂತು, ದೇವಯ್ಯನವರು ಹೋದರು.

ಮಿಸ್ಟೇರಿಗೆ ಸರಗೋಧಾ ದೂರದ ದಾರಿ. ಹೋಗಿ ಬರುವಷ್ಟಕ್ಕೆ ಮಾತ್ರ ಇಂಧನ, ದಾರಿಯಲ್ಲಿ ಕಾದಾಡುವಂತಿಲ್ಲ. ಹಿಂದಿರುಗುವಾಗ ಅವರನ್ನು ಅಟ್ಟಿಬಂದದ್ದು ಸ್ಟಾರ್‌ಫೈಟರ್, ಸದ್ದಿನ ಎರಡರಷ್ಟು ವೇಗದ ವಿಮಾನ. ಏಟು ಬಿದ್ದ ಮೇಲೂ ದೇವಯ್ಯನವರು ತಿರುಗಿ ನಿಂತು ಅದನ್ನು ಹೊಡೆದುರುಳಿಸಿದರು. ಆ ಪೈಲಟು ಹಾರಿಕೊಂಡು ಬದುಕಿದ, ದೇವಯ್ಯನವರು ಮರಳಲಿಲ್ಲ.

ಜೊತೆಗಾರರಾರೂ ಇದನ್ನು ಕಂಡಿರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಕಾಣೆ' ಎಂದಷ್ಟೇ ಉಳಿಯಿತು. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಪರವಾಗಿ ಬರೆದ ಪುಸ್ತಕದಿಂದ ವಿಷಯ ಹೊರಬಿತ್ತು. ತಮ್ಮ ವಿಮಾನವೊಂದನ್ನು ಮಿಸ್ಟೇರ್ ಕೆಡವಿತೆಂದು ಎದುರಾಳಿಗಳೇ ಹೇಳಿದ ಮೇಲೆ ನಮ್ಮವರು ಲೆಕ್ಕ ಕೂಡಿಸಿ ನೋಡಿದರು. 1988ರಲ್ಲಿ, 23 ವರ್ಷಗಳ ತರುವಾಯ, ಮಹಾವೀರ ಚಕ್ರ ಬಂತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವೊಂದಿದೆ. ರಜೆಯಲ್ಲಿ ಆ ಕಡೆ ಹೋಗುವ ನಮ್ಮ ಸಂಸಾರಗಳು ಅಲ್ಲಿ ಒಂದು ಗಳಿಗೆ ನಿಂತು, ಮಕ್ಕಳಿಗೆ ತೋರಿಸಿ ಬರಬಹುದು.